ಹಳೆಯ ಕಂಪ್ಯೂಟರಿನಲ್ಲಿ ಯುಎಸ್‌ಬಿ ಮೋಡೆಮ್ ನಿಂತಾಗ ಎಲ್ಲಿಂದ ಹುಡುಕಬೇಕು

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯ ಹಳ್ಳಿಮನೆಗಳಲ್ಲಿ ಹತ್ತು ಹದಿನೈದು ವರ್ಷ ಹಳೆಯದಾದ ಡೆಸ್ಕ್‌ಟಾಪ್ ಕಂಪ್ಯೂಟರುಗಳು ಇನ್ನೂ ನಿತ್ಯದ ಕೆಲಸಕ್ಕೆ ಬರುತ್ತಿವೆ. ಪಹಣಿ ನೋಡುವುದು, ಅಡಿಕೆ ಧಾರಣೆ ತಿಳಿಯುವುದು, ಮಕ್ಕಳ ಪರೀಕ್ಷೆಯ ಅರ್ಜಿ ತುಂಬುವುದು ಇಂಥ ಕೆಲಸಗಳಿಗೆ ಅವು ಸಾಕು. ಫೈಬರ್ ತಂತಿ ತಲುಪದ ಮನೆಗಳಲ್ಲಿ ಈ ಯಂತ್ರಕ್ಕಿರುವ ಒಂದೇ ದಾರಿ ಯುಎಸ್‌ಬಿ ಮೋಡೆಮ್. ಡಾಂಗಲ್, ಡಾಟಾ ಕಾರ್ಡ್, ನೆಟ್ ಸೆಟ್ಟರ್ ಎಂದೆಲ್ಲ ನಾವು ಕರೆಯುವುದು ಇದನ್ನೇ. ಅದು ಕೆಲಸ ನಿಲ್ಲಿಸಿದ ದಿನ ಕೆಲವರು ವಿಂಡೋಸನ್ನೇ ಮತ್ತೆ ಹಾಕಿಸುತ್ತಾರೆ, ಕೆಲವರು ಮೋಡೆಮನ್ನು ಮೂಲೆಗೆ ಎಸೆದು ಹೊಸದು ತರುತ್ತಾರೆ. ನೆರೆಹೊರೆಯ ಮನೆಗಳಲ್ಲಿ ಇಂಥ ದುರಸ್ತಿಗೆ ಕುಳಿತು ನಾನು ಕಂಡುಕೊಂಡದ್ದೆಂದರೆ, ಮೋಡೆಮ್ ನಿಜವಾಗಿ ಕೆಟ್ಟಿರುವುದು ಅಪರೂಪ. ತೊಂದರೆ ಅದಕ್ಕಿಂತ ಹಿಂದೆ ಇರುತ್ತದೆ, ಇಲ್ಲವೇ ಅದಕ್ಕಿಂತ ಬಹಳ ಮುಂದೆ ಇರುತ್ತದೆ.

ಗುಡ್ಡದ ಮೇಲಿಂದ ಮನೆಗೆ ಬರುವ ಅಬ್ಬಿ ನೀರು ನಿಂತರೆ ನಾವು ಬಚ್ಚಲಿನ ಹಂಡೆಯನ್ನು ದೂರುವುದಿಲ್ಲ. ಪೈಪಿನ ಗುಂಟ ಮೇಲಕ್ಕೆ ನಡೆದು, ನೀರು ಎಲ್ಲಿಯವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ನೋಡುತ್ತೇವೆ. ಇಲ್ಲಿಯೂ ಅದೇ ಕ್ರಮ ಸರಿಯಾದದ್ದು. ಕಂಪ್ಯೂಟರಿನಿಂದ ಮೋಡೆಮಿಗೆ ವಿದ್ಯುತ್ ಬಂದಿದೆಯೇ, ಕಂಪ್ಯೂಟರ್ ಅದನ್ನು ಗುರುತಿಸಿದೆಯೇ, ಸಿಮ್ ಕಾರ್ಡಿಗೆ ಗೋಪುರ ಸಿಕ್ಕಿದೆಯೇ, ಕರೆ ಜೋಡಣೆಯಾಗಿದೆಯೇ, ಆಮೇಲೆ ಪುಟ ತೆರೆಯುತ್ತಿದೆಯೇ ಎಂದು ಒಂದೊಂದಾಗಿ ನೋಡುತ್ತ ಹೋಗಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಫಲ ನೋಡಿ, ಅದನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ನಾಲ್ಕು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ, ಸರಿಹೋದಾಗಲೂ ಯಾವುದರಿಂದ ಸರಿಹೋಯಿತೆಂದು ತಿಳಿಯದೆ ಮುಂದಿನ ಸಲ ಮತ್ತೆ ಮೊದಲಿನಿಂದ ಹುಡುಕಬೇಕಾಗುತ್ತದೆ.

ಕಂಪ್ಯೂಟರ್ ಮುಟ್ಟುವ ಮೊದಲು

ಮೊದಲು ಸಿಮ್ ಕಾರ್ಡನ್ನು ಮೋಡೆಮಿನಿಂದ ತೆಗೆದು ಒಂದು ಫೋನಿಗೆ ಹಾಕಿ, ಅದೇ ಜಾಗದಲ್ಲಿ ಕುಳಿತು ನೆಟ್ ಬರುತ್ತದೆಯೇ ನೋಡಿ. ಐದು ನಿಮಿಷದ ಈ ಪರೀಕ್ಷೆ ಅರ್ಧ ದಿನದ ಶ್ರಮವನ್ನು ಉಳಿಸುತ್ತದೆ. ಫೋನಿನಲ್ಲಿಯೂ ಬರದಿದ್ದರೆ ಕಂಪ್ಯೂಟರಿನ ತಂಟೆಗೆ ಹೋಗಬೇಕಾಗಿಲ್ಲ: ರೀಚಾರ್ಜ್ ಮುಗಿದಿರಬಹುದು, ಬಹುಕಾಲ ಬಳಸದೆ ಬಿಟ್ಟ ಸಿಮ್ ರದ್ದಾಗಿರಬಹುದು, ಅಥವಾ ಗೋಪುರವೇ ಸ್ತಬ್ಧವಾಗಿರಬಹುದು. ಮಳೆಗಾಲದಲ್ಲಿ ಮರ ಬಿದ್ದು ಒಂದೆರಡು ದಿನ ಕರೆಂಟ್ ಹೋದಾಗ ಗೋಪುರ ಕೆಲವು ತಾಸು ತನ್ನ ಬ್ಯಾಟರಿಯಲ್ಲಿ ನಡೆದು ಆಮೇಲೆ ನಿಲ್ಲುತ್ತದೆ. ಆದ್ದರಿಂದ ಕರೆಂಟ್ ಹೋದಾಗ ಇದ್ದ ನೆಟ್ ಮರುದಿನ ಬೆಳಗ್ಗೆ ಇಲ್ಲವಾದರೆ ಅದು ನಿಮ್ಮ ಮೋಡೆಮಿನ ತಪ್ಪಲ್ಲ.

ಎರಡನೆಯದಾಗಿ, ಮೋಡೆಮ್ ಯಾವ ತಲೆಮಾರಿನದು ಎಂಬುದನ್ನು ಅದರ ಮೈಮೇಲಿನ ಅಥವಾ ಮುಚ್ಚಳದ ಒಳಗಿನ ಚೀಟಿಯಲ್ಲಿ ಓದಿ. ಈ ಹಂತವನ್ನು ದಾಟಿ ಮುಂದೆ ಹೋದವರೇ ಹೆಚ್ಚು ನಿರಾಶರಾಗುತ್ತಾರೆ. ವೇಗದ ಅಂಕೆಯಾಗಿ 7.2 ಎಂದು ಬರೆದಿರುವ ಹಳೆಯ ಡಾಂಗಲ್‌ಗಳು 3ಜಿಯವು. ಏರ್‌ಟೆಲ್ 2020ರಲ್ಲಿ ದೇಶದಾದ್ಯಂತ 3ಜಿ ನಿಲ್ಲಿಸಿದ್ದರಿಂದ, ಅದರ ಸಿಮ್ ಹಾಕಿದ 3ಜಿ ಡಾಂಗಲ್ 2ಜಿಗೆ ಇಳಿದು ತೆವಳುತ್ತದೆ. 2016ರಲ್ಲಿ ಬಂದ ಜಿಯೋ ಜಾಲದಲ್ಲಿ 2ಜಿ, 3ಜಿ ಎರಡೂ ಇಲ್ಲವಾದ್ದರಿಂದ ಅದರ ಸಿಮ್ ಅಂಥ ಡಾಂಗಲ್‌ನಲ್ಲಿ ಎಷ್ಟು ಪ್ರಯತ್ನಿಸಿದರೂ ನಡೆಯುವುದಿಲ್ಲ. ಬಿಎಸ್‌ಎನ್‌ಎಲ್ 3ಜಿಯನ್ನು ಉಳಿದವರಿಗಿಂತ ಹೆಚ್ಚು ಕಾಲ ಉಳಿಸಿಕೊಂಡಿದ್ದರೂ ಅದರ ಗೋಪುರಗಳೂ 4ಜಿಗೆ ಬದಲಾಗುತ್ತಿವೆ. ನಿಮ್ಮೂರಿನ ಗೋಪುರ ಬದಲಾದ ದಿನ, ನಿನ್ನೆಯವರೆಗೆ ಚೆನ್ನಾಗಿದ್ದ ಡಾಂಗಲ್ ಇದ್ದಕ್ಕಿದ್ದಂತೆ ಸುಮ್ಮನಾಗಬಹುದು. ಸಿಡಿಎಂಎ ಎಂಬ ಬೇರೆಯೇ ಬಗೆಯ ಹಳೆಯ ಮೊಬೈಲ್ ಜಾಲದ ಡಾಂಗಲ್‌ಗಳಂತೂ ಇನ್ನು ಯಾವ ಉಪಯೋಗಕ್ಕೂ ಬಾರವು, ಏಕೆಂದರೆ ಆ ಸೇವೆಯೇ ದೇಶದಲ್ಲಿ ನಿಂತುಹೋಗಿದೆ. ಕಂಪನಿಯ ಹೆಸರು ಹೊತ್ತು ಬಂದ ಡಾಂಗಲ್‌ಗಳಲ್ಲಿ ಹಲವು ಆ ಕಂಪನಿಯ ಸಿಮ್‌ಗೆ ಮಾತ್ರ ಬೀಗ ಹಾಕಿದಂಥವು ಎಂಬುದನ್ನೂ ನೆನಪಿಡಿ.

ಹಳೆಯ ಡಾಂಗಲ್‌ನಲ್ಲಿ ದೊಡ್ಡ ಸಿಮ್‌ನ ಜಾಗವಿರುತ್ತದೆ. ಈಗಿನ ನ್ಯಾನೋ ಸಿಮ್ ಅನ್ನು ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಕೂರಿಸಿ ಹಾಕುವಾಗ ಅದು ಕೂದಲೆಳೆಯಷ್ಟು ಜಾರಿದರೂ ‘ಸಿಮ್ ಇಲ್ಲ’ ಎಂಬ ಸಂದೇಶ ಬರುತ್ತದೆ. ಹಿಂಬದಿಗೆ ತೆಳುವಾದ ಅಂಟುಪಟ್ಟಿ ಹಚ್ಚಿ ಹಾಕಿ. ಬರಿಯ ಚೌಕಟ್ಟನ್ನು ಮಾತ್ರ ಎಂದಿಗೂ ಒಳಗೆ ತುರುಕಬೇಡಿ, ಹೊರಗೆಳೆಯುವಾಗ ಒಳಗಿನ ತಂತಿಗಳು ಅದಕ್ಕೆ ಸಿಕ್ಕಿ ಮುರಿಯುತ್ತವೆ.

ವಿದ್ಯುತ್ತು ಮತ್ತು ಪೋರ್ಟು

ಯುಎಸ್‌ಬಿ 2.0 ಪೋರ್ಟು 5 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್‌ವರೆಗೆ ವಿದ್ಯುತ್ ಕೊಡಬೇಕೆಂಬುದು ನಿಯಮ. ಸಿಗ್ನಲ್ ಚೆನ್ನಾಗಿರುವ ಊರಿನಲ್ಲಿ ಮೋಡೆಮಿಗೆ ಅಷ್ಟು ಬೇಕಾಗುವುದಿಲ್ಲ. ಆದರೆ ತೋಟದ ಪಕ್ಕದ ತಗ್ಗಿನ ಮನೆಯಲ್ಲಿ, ದೂರದ ಗೋಪುರವನ್ನು ತಲುಪಲು ಅದು ತನ್ನ ಶಕ್ತಿಯನ್ನೆಲ್ಲ ಹಾಕಿ ಕೂಗಬೇಕಾಗುತ್ತದೆ, ಆಗ ಹೆಚ್ಚು ವಿದ್ಯುತ್ ಎಳೆಯುತ್ತದೆ. ಹಳೆಯ ಕ್ಯಾಬಿನೆಟ್ಟಿನ ಮುಂಭಾಗದ ಪೋರ್ಟುಗಳು ಮದರ್‌ಬೋರ್ಡಿಗೆ ಸಣ್ಣ ತಂತಿಗಳಿಂದ ಜೋಡಣೆಯಾಗಿರುವುದರಿಂದ, ಅಲ್ಲಿ ವೋಲ್ಟೇಜ್ ಕುಸಿದು ಮೋಡೆಮ್ ಸ್ವತಃ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ‘ಜೋಡಣೆಯಾಗುತ್ತದೆ, ಅರ್ಧ ನಿಮಿಷದಲ್ಲಿ ಕಡಿಯುತ್ತದೆ’ ಎಂಬ ದೂರಿನ ಹಿಂದೆ ನಾನು ಅತಿ ಹೆಚ್ಚು ಸಲ ಕಂಡ ಕಾರಣ ಇದೇ. ಮೋಡೆಮನ್ನು ಹಿಂಭಾಗದ ಪೋರ್ಟಿಗೆ ನೇರವಾಗಿ ಚುಚ್ಚಿ. ಒಂದು ಪೋರ್ಟನ್ನು ಹಲವಾಗಿ ಮಾಡುವ, ಸ್ವಂತ ಅಡಾಪ್ಟರ್ ಇಲ್ಲದ ಹಬ್‌ಗಳನ್ನು ನಡುವೆ ತರಬೇಡಿ. ಹಿಂದೆ ಚುಚ್ಚಿದರೂ ಹಾಗೆಯೇ ಆದರೆ ಬಯೋಸ್‌ನ (ವಿಂಡೋಸಿಗೂ ಮೊದಲು ತೆರೆಯುವ ಕಂಪ್ಯೂಟರಿನ ಹೊಂದಾಣಿಕೆಯ ಪರದೆ) ಹಾರ್ಡ್‌ವೇರ್ ಮಾನಿಟರ್ ಪುಟದಲ್ಲಿ 5 ವೋಲ್ಟ್‌ನ ಸಾಲನ್ನು ನೋಡಿ: ಅದು 4.75 ಮತ್ತು 5.25ರ ನಡುವೆ ಇರಬೇಕು. ಅದಕ್ಕಿಂತ ಕೆಳಗಿದ್ದರೆ ಕಂಪ್ಯೂಟರಿಗೆ ವಿದ್ಯುತ್ ಹಂಚುವ ಪೆಟ್ಟಿಗೆ, ಅಂದರೆ ಎಸ್‌ಎಂಪಿಎಸ್ ಸೋತಿದೆ ಎಂದು ತಿಳಿಯಬಹುದು.

ಕಾರವಾರ, ಅಂಕೋಲಾ, ಕುಮಟಾದ ಕಡಲಂಚಿನ ಮನೆಗಳಲ್ಲಿ ಪೋರ್ಟಿನೊಳಗೆ ಟಾರ್ಚ್ ಬಿಟ್ಟು ನೋಡುವುದು ಇನ್ನೂ ಅಗತ್ಯ. ಉಪ್ಪಿನ ಗಾಳಿಗೆ ಲೋಹದ ಪಟ್ಟಿಗಳ ಮೇಲೆ ಹಸಿರು ಅಥವಾ ಬಿಳಿಯ ಪೊರೆ ಕೂರುತ್ತದೆ. ಕಂಪ್ಯೂಟರಿನ ಪ್ಲಗ್ ಕಿತ್ತು, ಮೆಡಿಕಲ್ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೃದುವಾದ ಬ್ರಷ್ಷಿನಿಂದ ಉಜ್ಜಿ, ಚೆನ್ನಾಗಿ ಆರಲು ಬಿಡಿ. ಚಾಕು, ಪಿನ್ನುಗಳಿಂದ ಕೆರೆದರೆ ಚಿನ್ನದ ಲೇಪ ಹೋಗಿ, ಮುಂದಿನ ಮಳೆಗಾಲದಲ್ಲಿ ತುಕ್ಕು ಮತ್ತಷ್ಟು ಬೇಗ ಹಿಡಿಯುತ್ತದೆ.

ಒಂದು ಕಿವಿಮಾತು: ಯಾವ ಪೋರ್ಟಿನಲ್ಲಿ ಮೋಡೆಮ್ ಸರಿಯಾಗಿ ನಡೆಯಿತೋ ಅದರಲ್ಲೇ ಇರಿಸಿ. ಪ್ರತಿ ಸಲ ಬೇರೆ ಪೋರ್ಟಿಗೆ ಹಾಕಿದರೆ ವಿಂಡೋಸ್ ಅದನ್ನು ಬೇರೆಯೇ ಸಾಧನವೆಂದು ಬಗೆದು ಹೊಸ ಕಾಮ್ ಸಂಖ್ಯೆಗಳನ್ನು (ಮೋಡೆಮ್ ಜೊತೆ ಮಾತಾಡುವ ದಾರಿಯ ಸಂಖ್ಯೆ) ಕೊಡುತ್ತ ಹೋಗುತ್ತದೆ. ಜೋಡಣೆಯ ತಂತ್ರಾಂಶ ಮಾತ್ರ ಹಳೆಯ ಸಂಖ್ಯೆಯನ್ನೇ ಹುಡುಕುತ್ತಿರುತ್ತದೆ.

ಕಂಪ್ಯೂಟರ್ ಅದನ್ನು ಮೋಡೆಮ್ ಎಂದು ಗುರುತಿಸಿದೆಯೇ

ಈ ಡಾಂಗಲ್‌ಗಳು ಚುಚ್ಚಿದ ಕೂಡಲೇ ಮೋಡೆಮ್ ಆಗಿ ಕಾಣಿಸಿಕೊಳ್ಳುವುದಿಲ್ಲ. ಮೊದಲು ಒಂದು ಸಿಡಿ ಡ್ರೈವಿನಂತೆ ನಟಿಸಿ, ತನ್ನೊಳಗಿರುವ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಸಿ, ಆಮೇಲೆ ಮೋಡೆಮ್ ರೂಪಕ್ಕೆ ತಿರುಗುತ್ತವೆ. ಮೈ ಕಂಪ್ಯೂಟರಿನಲ್ಲಿ ಹೊಸ ಸಿಡಿಯ ಗುರುತು ಬಂದು, ಮುಂದೇನೂ ಆಗದಿದ್ದರೆ ತಿರುಗುವ ಕೆಲಸ ನಡೆದಿಲ್ಲವೆಂದರ್ಥ. ಆ ಸಿಡಿಯನ್ನು ತೆರೆದು, ಒಳಗಿನ ಸೆಟಪ್ ಕಡತವನ್ನು ಅಡ್ಮಿನಿಸ್ಟ್ರೇಟರ್ ಆಗಿ ನಡೆಸಿ. ಸಿಡಿಯೂ ಕಾಣಿಸದಿದ್ದರೆ ಕೇಬಲ್ಲು, ಪೋರ್ಟುಗಳ ಹಂತಕ್ಕೇ ಹಿಂದಿರುಗಬೇಕು.

ನಂತರ ಮೈ ಕಂಪ್ಯೂಟರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಮ್ಯಾನೇಜ್ ಆರಿಸಿ, ಡಿವೈಸ್ ಮ್ಯಾನೇಜರ್ ತೆರೆಯಿರಿ. ಹಳದಿ ಉದ್ಗಾರ ಚಿಹ್ನೆಯಿರುವ ಸಾಲಿನ ಮೇಲೆ ಎರಡು ಸಲ ಒತ್ತಿದರೆ ಒಂದು ಕೋಡ್ ಕಾಣಿಸುತ್ತದೆ. 28 ಎಂದಿದ್ದರೆ ಡ್ರೈವರ್, ಅಂದರೆ ಸಾಧನವನ್ನು ನಡೆಸುವ ತಂತ್ರಾಂಶ ಇಲ್ಲ. 10 ಎಂದಿದ್ದರೆ ಡ್ರೈವರ್ ಇದೆ, ಸಾಧನ ಆರಂಭವಾಗುತ್ತಿಲ್ಲ. ಎರಡಕ್ಕೂ ಮದ್ದು ಒಂದೇ ತೆರನಾದದ್ದು: ಕಂಟ್ರೋಲ್ ಪ್ಯಾನೆಲ್‌ನಿಂದ ಹಳೆಯ ಡಾಂಗಲ್ ತಂತ್ರಾಂಶಗಳನ್ನೆಲ್ಲ ತೆಗೆದು, ಮೋಡೆಮ್ ಕಿತ್ತು, ಕಂಪ್ಯೂಟರ್ ಮರಳಿ ಆರಂಭಿಸಿ, ಆಮೇಲೆ ಒಂದೇ ಒಂದು ತಂತ್ರಾಂಶವನ್ನು ಹೊಸದಾಗಿ ಹಾಕುವುದು. ಮೂರು ಕಂಪನಿಗಳ ಜೋಡಣೆ ತಂತ್ರಾಂಶಗಳು ಒಂದೇ ಯಂತ್ರದಲ್ಲಿದ್ದರೆ ಒಂದು ಹಿಡಿದ ಪೋರ್ಟನ್ನು ಇನ್ನೊಂದು ಬಿಡಿಸಿಕೊಳ್ಳಲಾರದೆ ಒದ್ದಾಡುತ್ತವೆ. ಡಿವೈಸ್ ಮ್ಯಾನೇಜರ್‌ನಲ್ಲಿಯೇ ಯುಎಸ್‌ಬಿ ರೂಟ್ ಹಬ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟಕ್ಕೆ ಹೋಗಿ, ವಿದ್ಯುತ್ ಉಳಿಸಲು ಈ ಸಾಧನವನ್ನು ನಿಲ್ಲಿಸಬಹುದು ಎಂಬ ಗುರುತನ್ನು ತೆಗೆದುಹಾಕಿ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ನೆಟ್ ಹೋಗುವ ತೊಂದರೆ ಹಲವು ಯಂತ್ರಗಳಲ್ಲಿ ಇದರಿಂದಲೇ ನಿವಾರಣೆಯಾಗುತ್ತದೆ.

ವಿಂಡೋಸಿನ ಬದಲು ಲಿನಕ್ಸ್ ಬಳಸುವವರಿಗೆ ಈ ಭಾಗ ಸುಲಭ. ಸಿಡಿಯಿಂದ ಮೋಡೆಮ್‌ಗೆ ತಿರುಗಿಸುವ ಯುಎಸ್‌ಬಿ ಮೋಡ್‌ಸ್ವಿಚ್ ಎಂಬ ತಂತ್ರಾಂಶ ಸಾಮಾನ್ಯವಾಗಿ ಮೊದಲೇ ಇರುತ್ತದೆ, ಇಲ್ಲದಿದ್ದರೆ ಹಾಕಿಕೊಳ್ಳಬಹುದು.

ದೀಪ, ಸಿಗ್ನಲ್ ಮತ್ತು ತಗ್ಗಿನ ಮನೆ

ಮೋಡೆಮಿನ ಪುಟ್ಟ ದೀಪ ಬಹಳಷ್ಟನ್ನು ಹೇಳುತ್ತದೆ. ನಮ್ಮ ಭಾಗದಲ್ಲಿ ಹೆಚ್ಚಾಗಿ ಸಿಗುವ ಹುವಾವೇ 3ಜಿ ಡಾಂಗಲ್‌ಗಳಲ್ಲಿ ಹಸಿರು ದೀಪ ಎರಡೆರಡು ಸಲ ಮಿಣುಕಿದರೆ ವಿದ್ಯುತ್ ಬಂದಿದೆ, ಗೋಪುರ ಸಿಕ್ಕಿಲ್ಲ. ಹಸಿರು ಒಂದೊಂದೇ ಸಲ ಮಿಣುಕಿದರೆ 2ಜಿ, ನೀಲಿ ಮಿಣುಕಿದರೆ 3ಜಿ ಸಿಕ್ಕಿದೆ. ಮಿಣುಕದೆ ಸ್ಥಿರವಾಗಿ ನಿಂತರೆ ಜೋಡಣೆಯಾಗಿದೆ. ಬೇರೆ ತಯಾರಿಕೆಗಳಲ್ಲಿ ಬಣ್ಣಗಳು ಬೇರೆಯಾದರೂ ಮಿಣುಕುವುದಕ್ಕೂ ಸ್ಥಿರವಾಗಿರುವುದಕ್ಕೂ ಇರುವ ಅರ್ಥ ಬಹುತೇಕ ಇದೇ.

ಗೋಪುರ ಸಿಗದಿದ್ದರೆ ಮೋಡೆಮನ್ನು ಸರಿಸುವುದೇ ಸರಿಯಾದ ಚಿಕಿತ್ಸೆ. ಅಡಿಕೆ ತೋಟಗಳು ಕಣಿವೆಯ ತಳದಲ್ಲಿರುವುದರಿಂದ ನಮ್ಮ ಮನೆಗಳೂ ಅಲ್ಲಿಯೇ ಇವೆ, ಸುತ್ತ ಸೊಪ್ಪಿನ ಬೆಟ್ಟ. 700, 850, 900 ಮೆಗಾಹರ್ಟ್ಸ್‌ನ ಅಲೆಗಳು ಗುಡ್ಡದ ಅಂಚನ್ನು ಸ್ವಲ್ಪ ಬಳಸಿಕೊಂಡು ಇಳಿಯಬಲ್ಲವು. 2300ರ ಅಲೆಗಳಿಗೆ ಆ ಗುಣ ಕಡಿಮೆ, ಎಲೆಗಳ ದಟ್ಟಣೆಯೂ ಅವನ್ನು ಹೆಚ್ಚು ಹೀರುತ್ತದೆ. ಮಳೆಗಾಲದಲ್ಲಿ ಸಿಗ್ನಲ್ ಕುಗ್ಗುವುದಕ್ಕೆ ಬೀಳುವ ಹನಿಗಳಿಗಿಂತ ತೊಯ್ದ ಕಾಡೇ ದೊಡ್ಡ ಕಾರಣ. ಮಳೆ ನೀರಿನಿಂದ ರಕ್ಷಣೆಗೆಂದು ಹೊದಿಸಿದ ತಗಡಿನ ಚಾವಣಿಯ ನೇರ ಕೆಳಗೆ ಮೋಡೆಮ್ ಇದ್ದರೆ ಅದೂ ಒಂದು ತಡೆ. ಕಂಪ್ಯೂಟರನ್ನು ಚೌಕಿಯಲ್ಲಿಯೇ ಬಿಟ್ಟು, ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ಲಿನ ತುದಿಗೆ ಮೋಡೆಮ್ ಹಾಕಿ ಕಿಟಕಿಗೋ ಮೆತ್ತಿನ (ಮಹಡಿಯ) ಬದಿಗೋ ಒಯ್ಯಿರಿ. ಸಾಧಾರಣ ಕೇಬಲ್ಲಿನ ಒಟ್ಟು ಉದ್ದ 5 ಮೀಟರ್ ಮೀರಬಾರದು. ಅದಕ್ಕಿಂತ ದೂರ ಬೇಕಾದರೆ ನಡುವೆ ವರ್ಧಕವಿರುವ ಆಕ್ಟಿವ್ ಕೇಬಲ್ ಬೇಕು. ಕೇಬಲ್ ತೆಳುವಾದಷ್ಟೂ ಹಿಂದೆ ಹೇಳಿದ ವೋಲ್ಟೇಜ್ ಕುಸಿತ ಹೆಚ್ಚು, ಆದ್ದರಿಂದ ಇಲ್ಲಿ ಅಗ್ಗದ ಕೇಬಲ್ ಕೊಳ್ಳುವುದು ಲಾಭವಲ್ಲ.

ಸಿಗ್ನಲ್ ಕಡ್ಡಿಗಳನ್ನು ನಂಬಬೇಡಿ, ಅಂಕೆಯನ್ನು ನೋಡಿ. ಕಡ್ಡಿಗಳನ್ನು ಪ್ರತಿ ತಂತ್ರಾಂಶವೂ ತನ್ನಿಷ್ಟದಂತೆ ಎಣಿಸುತ್ತದೆ. 3ಜಿ ಮೋಡೆಮ್‌ಗಳು ಸಿಗ್ನಲ್ಲನ್ನು 0ಯಿಂದ 31ರವರೆಗಿನ ಅಂಕೆಯಲ್ಲಿ ಹೇಳುತ್ತವೆ. ಹೈಪರ್‌ಟರ್ಮಿನಲ್‌ನಂಥ ತಂತ್ರಾಂಶದಲ್ಲಿ ಮೋಡೆಮಿನ ಕಾಮ್ ಪೋರ್ಟ್ ತೆರೆದು, ‘ಎಟಿ+ಸಿಎಸ್‌ಕ್ಯೂ’ ಎಂಬ ಆಜ್ಞೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿದರೆ ಅದು ಸಿಗುತ್ತದೆ. 15ಕ್ಕಿಂತ ಮೇಲಿದ್ದರೆ ನಿಶ್ಚಿಂತೆ, 10ಕ್ಕಿಂತ ಕೆಳಗಿದ್ದರೆ ಕಡಿಯುತ್ತಲೇ ಇರುತ್ತದೆ, 99 ಎಂದರೆ ಅಳತೆಯೇ ಸಿಗುತ್ತಿಲ್ಲ. ಅಂಗೈ ಅಗಲದಷ್ಟು ಸರಿಸಿದರೂ ಅಂಕೆ ಬದಲಾಗುವುದುಂಟು, ಆದ್ದರಿಂದ ಒಂದು ಜಾಗದಲ್ಲಿ ಅರ್ಧ ನಿಮಿಷ ಕಾದು, ಬರೆದುಕೊಂಡು, ಮುಂದಿನ ಜಾಗಕ್ಕೆ ಹೋಗಿ.

ಜೋಡಣೆ ಮತ್ತು ಎಪಿಎನ್

ಸಿಗ್ನಲ್ ಇದ್ದೂ ಜೋಡಣೆಯಾಗದಿದ್ದರೆ ಎಪಿಎನ್, ಅಂದರೆ ಕಂಪನಿಯ ನೆಟ್ ಬಾಗಿಲಿನ ಹೆಸರು ನೋಡಿ. ಬಿಎಸ್‌ಎನ್‌ಎಲ್‌ಗೆ ‘ಬಿಎಸ್‌ಎನ್‌ಎಲ್‌ನೆಟ್’, ಜಿಯೋಗೆ ‘ಜಿಯೋನೆಟ್’, ಏರ್‌ಟೆಲ್‌ಗೆ ‘ಏರ್‌ಟೆಲ್‌ಜಿಪಿಆರ್‌ಎಸ್.ಕಾಮ್’ ಎಂಬುದನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲಿ, ನಡುವೆ ಜಾಗ ಬಿಡದೆ ತುಂಬಬೇಕು. ಹಳೆಯ 3ಜಿ ಡಾಂಗಲ್‌ಗಳಲ್ಲಿ ಕರೆಯ ಸಂಖ್ಯೆ *99#. ಬಳಕೆದಾರರ ಹೆಸರು, ಪಾಸ್‌ವರ್ಡ್ ಸಾಮಾನ್ಯವಾಗಿ ಖಾಲಿ.

ವಿಂಡೋಸ್ ಕೊಡುವ ದೋಷಸಂಖ್ಯೆಯನ್ನು ಕಣ್ಣುಮುಚ್ಚಿ ದಾಟಬೇಡಿ. 797 ಎಂದರೆ ಮೋಡೆಮ್ ಸಿಗಲಿಲ್ಲ. ಪೋರ್ಟು, ಡ್ರೈವರುಗಳ ಕಡೆ ಹಿಂದಿರುಗಿ. 633 ಎಂದರೆ ಮೋಡೆಮನ್ನು ಬೇರೆ ತಂತ್ರಾಂಶ ಹಿಡಿದುಕೊಂಡಿದೆ, ಅಥವಾ ಅದು ಸರಿಯಾಗಿ ಹೊಂದಿಕೆಯಾಗಿಲ್ಲ. 678 ಎಂದರೆ ಆಚೆಯಿಂದ ಉತ್ತರವಿಲ್ಲ, 691 ಎಂದರೆ ಹೆಸರು ಮತ್ತು ಪಾಸ್‌ವರ್ಡನ್ನು ಆಚೆಯವರು ಒಪ್ಪಲಿಲ್ಲ. 734 ಬಂದಾಗ ನಾನು ಮೊದಲು ಎಪಿಎನ್, ಆಮೇಲೆ ರೀಚಾರ್ಜ್ ನೋಡುತ್ತೇನೆ.

ಜೋಡಣೆಯಾಗಿದೆ, ಪುಟ ತೆರೆಯುತ್ತಿಲ್ಲ

ಈ ಒಂದು ತೊಂದರೆಯ ಬಗ್ಗೆ ವಿಸ್ತಾರವಾಗಿ ಬರೆಯಬೇಕಾಗಿದೆ, ಏಕೆಂದರೆ ಒಳ್ಳೆಯ ಮೋಡೆಮ್‌ಗಳು ಕಸದ ಬುಟ್ಟಿ ಸೇರುವುದು ಇಲ್ಲಿಯೇ. ಕಮಾಂಡ್ ಪ್ರಾಂಪ್ಟ್‌ನಲ್ಲಿ, ದೂರದ ಕಂಪ್ಯೂಟರ್ ಉತ್ತರಿಸುತ್ತದೆಯೇ ಎಂದು ಕೇಳುವ ಪಿಂಗ್ ಆಜ್ಞೆಯ ಮುಂದೆ 8.8.8.8 ಎಂದು ಕೊಡಿ. ಉತ್ತರ ಬಂದರೆ ಮೋಡೆಮ್, ಸಿಮ್, ಗೋಪುರ ಎಲ್ಲವೂ ತಮ್ಮ ಕೆಲಸ ಮಾಡಿವೆ. ಅಂಕೆಗೆ ಉತ್ತರ ಬಂದು, ಜಾಲತಾಣದ ಹೆಸರಿಗೆ ಬರದಿದ್ದರೆ ಹೆಸರನ್ನು ಅಂಕೆಯ ವಿಳಾಸವಾಗಿ ತಿರುಗಿಸುವ ಡಿಎನ್‌ಎಸ್‌ನಲ್ಲಿ ತೊಡಕಿದೆ. ಜೋಡಣೆಯ ಗುಣಲಕ್ಷಣಗಳಲ್ಲಿ ಡಿಎನ್‌ಎಸ್ ವಿಳಾಸವಾಗಿ ಅದೇ 8.8.8.8 ಕೊಡಿ. ಎರಡಕ್ಕೂ ಉತ್ತರ ಬಂದೂ ಬ್ರೌಸರಿನಲ್ಲಿ ಪುಟ ತೆರೆಯದಿದ್ದರೆ, ಪರದೆಯ ಮೂಲೆಯಲ್ಲಿರುವ ದಿನಾಂಕವನ್ನು ನೋಡಿ.

ಕಳೆದೊಂದು ದೀಪಾವಳಿಯ ಸಮಯದಲ್ಲಿ ಶಿರಸಿ ಹತ್ತಿರದ ಒಂದು ಮನೆಗೆ ಹೋಗಿದ್ದೆ. ನೀಲಿ ದೀಪ ಸ್ಥಿರವಾಗಿತ್ತು, ಪಿಂಗ್‌ಗೆ ಉತ್ತರವಿತ್ತು, ಆದರೆ ಬ್ಯಾಂಕಿನ ಪುಟ, ಪಹಣಿಯ ಪುಟ ಎರಡೂ ಸುರಕ್ಷಿತವಲ್ಲ ಎಂಬ ಎಚ್ಚರಿಕೆ ಕೊಟ್ಟು ನಿಲ್ಲುತ್ತಿದ್ದವು. ಹೊಸ ಮೋಡೆಮ್ ಕೊಳ್ಳಲು ಯಾರೋ ಸಲಹೆ ಕೊಟ್ಟಾಗಿತ್ತು. ಕಂಪ್ಯೂಟರಿನ ಗಡಿಯಾರ 2009ರ ಜನವರಿ 1 ತೋರಿಸುತ್ತಿತ್ತು. ಸುರಕ್ಷಿತ ತಾಣಗಳ ಪ್ರಮಾಣಪತ್ರಕ್ಕೆ ಆರಂಭದ ಮತ್ತು ಕೊನೆಯ ದಿನಾಂಕಗಳಿರುತ್ತವೆ. ಗಡಿಯಾರ ಹಿಂದಿದ್ದರೆ ಬ್ರೌಸರಿಗೆ ಆ ಪತ್ರ ಇನ್ನೂ ಹುಟ್ಟಿಲ್ಲದ್ದರಂತೆ ಕಾಣುತ್ತದೆ, ಅದು ಬಾಗಿಲು ಮುಚ್ಚುತ್ತದೆ. ದಿನಾಂಕ ಸರಿಪಡಿಸಿದ ಮರುಕ್ಷಣ ಎಲ್ಲ ಪುಟಗಳೂ ತೆರೆದವು.

ಇದು ನಮ್ಮ ಭಾಗದಲ್ಲಿ ಇಷ್ಟು ಸಾಮಾನ್ಯವಾಗಿರುವುದಕ್ಕೆ ಕಾರಣವಿದೆ. ಸಿಡಿಲಿಗೆ ಹೆದರಿ ನಾವು ಕಂಪ್ಯೂಟರಿನ ಪ್ಲಗ್ಗನ್ನೇ ಕಿತ್ತಿಡುತ್ತೇವೆ, ಅದು ಸರಿಯೂ ಹೌದು. ಪ್ಲಗ್ ಇದ್ದಾಗ ಎಸ್‌ಎಂಪಿಎಸ್ ಕೊಡುವ ಅಲ್ಪ ವಿದ್ಯುತ್ತಿನಲ್ಲಿ ಗಡಿಯಾರ ನಡೆಯುತ್ತದೆ. ಪ್ಲಗ್ ಕಿತ್ತಾಗ ಆ ಭಾರವೆಲ್ಲ ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಸೆಲ್ಲಿನ ಮೇಲೆ ಬೀಳುತ್ತದೆ. ತಿಂಗಳುಗಟ್ಟಲೆ ಹಾಗಿದ್ದರೆ ಅದು ಬೇಗ ಬರಿದಾಗುತ್ತದೆ. ಸಿಆರ್ 2032 ಎಂಬ ಈ 3 ವೋಲ್ಟ್‌ನ ಸೆಲ್ ಗಡಿಯಾರದ ಅಂಗಡಿಗಳಲ್ಲಿಯೂ ಸಿಗುತ್ತದೆ. ಪ್ಲಗ್ ಕಿತ್ತು, ಹಿಡಿಕೆಯ ಕೊಕ್ಕೆಯನ್ನು ಬದಿಗೆ ಒತ್ತಿ ಹಳೆಯದನ್ನು ತೆಗೆದು, ಬರಹವಿರುವ ಮುಖ ಮೇಲಿರುವಂತೆ ಹೊಸದನ್ನು ಕೂರಿಸಿ. ತೆಗೆಯುವ ಮೊದಲು ಬಯೋಸ್‌ನಲ್ಲಿ ಸಾಟಾ ಮೋಡ್ (ಹಾರ್ಡ್ ಡಿಸ್ಕ್ ಜೋಡಣೆಯ ವಿಧ) ಏನಿದೆಯೆಂದು ಬರೆದಿಟ್ಟುಕೊಳ್ಳಿ. ಸೆಲ್ ಬದಲಾದ ಮೇಲೆ ಅದು ಬೇರೆಯಾಗಿದ್ದರೆ ವಿಂಡೋಸ್ ಆರಂಭವಾಗದೆ ಗಾಬರಿಯಾಗುತ್ತದೆ.

ದಿನಾಂಕ ಸರಿಯಿದ್ದೂ ಪುಟ ತೆರೆಯದಿದ್ದರೆ ಬ್ರೌಸರ್ ಹಳೆಯದು. ವಿಂಡೋಸ್ ಎಕ್ಸ್‌ಪಿಗೆ ಕ್ರೋಮ್ 49, ವಿಂಡೋಸ್ 7ಕ್ಕೆ ಕ್ರೋಮ್ 109 ಕೊನೆಯ ಆವೃತ್ತಿಗಳು. ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ, 7ಕ್ಕೆ 2020ರ ಜನವರಿಯಲ್ಲಿ ಮೈಕ್ರೋಸಾಫ್ಟಿನ ಬೆಂಬಲ ನಿಂತಿದೆ. ಎಕ್ಸ್‌ಪಿಯ ಇಂಟರ್ನೆಟ್ ಎಕ್ಸ್‌ಪ್ಲೋರರ್‌ಗಂತೂ ಇಂದಿನ ತಾಣಗಳ ಗೂಢಲಿಪಿಯೇ ತಿಳಿಯದು. ಅಂಥ ಯಂತ್ರದಲ್ಲಿ ಹಣದ ವ್ಯವಹಾರ ಮಾಡಬೇಡಿ ಎಂದು ನಾನು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ. ಹಗುರವಾದ ಲಿನಕ್ಸ್ ಹಾಕಿದರೆ ಅದೇ ಯಂತ್ರ, ಅದೇ ಮೋಡೆಮ್ ಇನ್ನೂ ಕೆಲವು ವರ್ಷ ಬಾಳುತ್ತವೆ.

ಹೊಸದನ್ನೇ ಕೊಳ್ಳಬೇಕಾದಾಗ

ಮೋಡೆಮನ್ನು ಬೇರೊಂದು ಕಂಪ್ಯೂಟರಿನಲ್ಲಿ, ಚೆನ್ನಾಗಿ ನಡೆಯುವ ಬೇರೊಂದು ಸಿಮ್‌ನೊಂದಿಗೆ ಪರೀಕ್ಷಿಸಿ, ಅಲ್ಲಿಯೂ ದೀಪ ಹೊತ್ತದಿದ್ದರೆ ಮಾತ್ರ ಅದು ಹೋಗಿದೆಯೆಂದು ಒಪ್ಪಿ. ಕೊಳ್ಳುವುದಾದರೆ 4ಜಿಯದನ್ನೇ ಕೊಳ್ಳಿ, ನಿಮ್ಮ ಕಂಪನಿಯ ಬ್ಯಾಂಡ್ (ಅದು ಬಳಸುವ ಅಲೆಗಳ ಪಟ್ಟಿಯ ಸಂಖ್ಯೆ) ಅದರಲ್ಲಿದೆಯೇ ಎಂದು ಡಬ್ಬಿಯ ಮೇಲೆ ಓದಿ: ಜಿಯೋಗೆ 3, 5, 40, ಬಿಎಸ್‌ಎನ್‌ಎಲ್ 4ಜಿಗೆ 1 ಮತ್ತು 28 ಇರುವುದು ಒಳ್ಳೆಯದು. ಗುಡ್ಡದ ಮರೆಯ ಮನೆಗಳಿಗೆ 5 ಮತ್ತು 28ರಂಥ ಕಡಿಮೆ ಆವರ್ತನದ ಬ್ಯಾಂಡುಗಳು ಮುಖ್ಯ. ಹೊರಗಿನ ಆಂಟೆನಾ ಚುಚ್ಚುವ ತೂತು ಇರುವ ಮೋಡೆಮ್ ಸಿಕ್ಕರೆ ಇನ್ನೂ ಅನುಕೂಲ. ಆದರೆ ಚಾವಣಿಯ ಮೇಲೆ ಆಂಟೆನಾ ಹಾಕಿದವರು ಏಪ್ರಿಲ್–ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಪ್ಲಗ್ ಕೀಳುವುದರ ಜೊತೆಗೆ ಆ ತಂತಿಯನ್ನೂ ಮೋಡೆಮಿನಿಂದ ಬಿಡಿಸಿ ಕಿಟಕಿಯ ಹೊರಗೆ ಇಡಬೇಕು.